ಸ್ಪೀಡೋಮೀಟರ್ ಮುಳ್ಳು ಓಡುತ್ತದೆ, ಕಿಲೋಮೀಟರ್ ಅಂಕಿ ಮಾತ್ರ ನಿಂತಿದೆ. ಹಳೆಯ ಮಾರುತಿ 800ಕ್ಕೆ ಬಳ್ಳಾರಿಯಲ್ಲಿ ಏನು ಮಾಡಿಸಬೇಕು?

ಮುಳ್ಳು ಓಡುತ್ತಿದೆ ಅಂದರೆ ಕೇಬಲ್ ಚೆನ್ನಾಗಿದೆ. ಸುಮ್ನೆ ಅದನ್ನು ಬದಲಾಯಿಸಿ ದುಡ್ಡು ಕಳೆಯಬೇಡಿ. ಎರಡೂ ನಿಂತಿದ್ದರೆ ಕೇಬಲ್ ಮೇಲೆ ಅನುಮಾನ ಪಡಬಹುದಿತ್ತು.

ಗೇರ್‌ಬಾಕ್ಸ್‌ನಿಂದ ಬರುವ ಒಂದೇ ಕೇಬಲ್ ಮೀಟರಿನೊಳಗೆ ಎರಡು ಕೆಲಸ ಮಾಡುತ್ತದೆ. ಅಯಸ್ಕಾಂತ ತಿರುಗಿಸಿ ಮುಳ್ಳನ್ನು ಎಳೆಯುತ್ತದೆ, ಸಣ್ಣ ಹಲ್ಲುಚಕ್ರಗಳಿಂದ ಅಂಕಿಗಳನ್ನು ಉರುಳಿಸುತ್ತದೆ. ಈ ಚಕ್ರಗಳು ಸಾಮಾನ್ಯವಾಗಿ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಸೀಳುತ್ತವೆ, ಹಲ್ಲು ಮುರಿಯುತ್ತವೆ. ನಮ್ಮೂರ ಬಿಸಿಲು ಗೊತ್ತಲ್ಲ!

ಮೀಟರ್ ರಿಪೇರಿ ಮಾಡುವವರ ಹತ್ತಿರವೇ ಹೋಗಿ. ಬಿಚ್ಚುವ ಮೊದಲು ಬ್ಯಾಟರಿ ವೈರ್ ತೆಗೆಯಲಿ, ಮುಳ್ಳನ್ನು ಕೈಯಿಂದ ಎಳೆಯದಿರಲಿ. ಮುರಿದ ಹಲ್ಲಿಗೆ ಅಂಟು ಹಚ್ಚಿದರೆ ನಾಲ್ಕು ದಿನ ಬಾಳಿಕೆ ಬಂದರೆ ಜಾಸ್ತಿ. ಅಷ್ಟೇ ಹಲ್ಲಿನ ಬೇರೆ ಚಕ್ರ ಹಾಕಿಸಿ. ಲೆಕ್ಕ ತಪ್ಪಿದರೆ ಅಂಕಿಯೂ ತಪ್ಪು ತೋರಿಸುತ್ತದೆ.

ಆಮೇಲೆ ಸಿರುಗುಪ್ಪ ರಸ್ತೆಯ ಕಿಲೋಮೀಟರ್ ಕಲ್ಲು ನೋಡಿಕೊಂಡು 10 ಕಿ.ಮೀ. ಓಡಿಸಿ, ತಾಳೆ ಮಾಡಿ.

ಗುಜರಿಯಿಂದ ಇಡೀ ಮೀಟರ್ ತಂದರೆ ಅದರಲ್ಲಿ ಬೇರೆ ಕಾರಿನ ಓಟ ಇರುತ್ತದೆ, ಅಲ್ವಾ? ಹಳೆಯ ಮೀಟರಿನ ಫೋಟೋ, ಬಿಲ್ ಇಟ್ಟುಕೊಂಡಿರಿ. ಕಾರು ಮಾರುವಾಗ ಕೊಳ್ಳುವವರಿಗೆ ತೋರಿಸಬೇಕು.