ಶಕುನಿಯ ಜಾಗಕ್ಕೆ ಪಾಲ್ಪಟೀನ್

ಚಳ್ಳಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ರಾಜಕಾರಣಿಗಳನ್ನು ‘ಸ್ಟಾರ್ ವಾರ್ಸ್’ ಸಿನಿಮಾದ ಪಾತ್ರಗಳಿಗೆ ಹೋಲಿಸಿದ್ದೀರಿ. ನಾಯಕರೊಬ್ಬರ ಮುಖಕ್ಕೆ ಕರಿ ಮುಖವಾಡ ಹಾಕಿದ ಚಿತ್ರ ಬೇರೆ. ಮೊಮ್ಮಗ ನೋಡಿ ನಕ್ಕ. ಅವರು ಮಾಡಿದ ತಪ್ಪೇನು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಇಂಥ ಹೋಲಿಕೆ ಯಾಕೆ ಬೇಕು?”

ಮೇಷ್ಟ್ರೇ, ಅವನಿಗೆ ಗೊತ್ತಾಗದಿದ್ದರೆ ತಪ್ಪು ನಮ್ಮದು. ಆ ಚಿತ್ರ ಹಾಕಬಾರದಿತ್ತು. ಆದರೆ ಹೋಲಿಕೆಯೇ ಬೇಡ ಅನ್ನೋದನ್ನು ಒಪ್ಪಲಾರೆ.

ನಮ್ಮ ಕಡೆಯವರು ಬಯಲಾಟ ನೋಡಿ ಬೆಳೆದವರು. ಕಿವಿ ಊದುವವನನ್ನು ಶಕುನಿ ಅಂದೆವು. ಮಗನ ತಪ್ಪಿಗೆ ಕಣ್ಣು ಮುಚ್ಚಿಕೊಂಡವನನ್ನು ಧೃತರಾಷ್ಟ್ರ ಅಂದೆವು. ಹೆಸರು ಹೇಳಿದರೆ ಸಾಕು, ಅವನು ಏನು ಮಾಡಿದ ಅಂತ ತಿಳಿಯುತ್ತಿತ್ತು. ಈಗಿನ ಹುಡುಗರಿಗೆ ಇನ್ನೊಂದು ಕಥೆಯೂ ಗೊತ್ತು, ಅಷ್ಟೇ.

‘ಸ್ಟಾರ್ ವಾರ್ಸ್’ ಎಂಬ ಆ ಬಾಹ್ಯಾಕಾಶದ ಕಥೆಯಲ್ಲಿ ಕರಿ ಮುಖವಾಡದ ಡಾರ್ತ್ ವೇಡರ್‌ಗಿಂತ ನನಗೆ ಜಾಸ್ತಿ ಭಯ ಹುಟ್ಟಿಸುವವನು ಪಾಲ್ಪಟೀನ್. 1999ರ ಚಿತ್ರದಲ್ಲಿ ಅವನೊಬ್ಬ ಮೆದು ಮಾತಿನ ಸೆನೆಟರ್. ಸೆನೆಟ್ ಸಭೆಯ ಮುಖ್ಯಸ್ಥನ ಮೇಲೆ ಅವಿಶ್ವಾಸ ನಿರ್ಣಯ ತರಿಸಿ ಆ ಕುರ್ಚಿಗೆ ತಾನು ಬರುತ್ತಾನೆ. 2002ರ ಚಿತ್ರದಲ್ಲಿ ಯುದ್ಧದ ಭಯ. ಸಭೆಯೇ ಅವನಿಗೆ ತುರ್ತು ಅಧಿಕಾರ ಕೊಡುತ್ತದೆ. ಅಪಾಯ ಕಳೆದ ಮೇಲೆ ಬಿಟ್ಟುಕೊಡುತ್ತೇನೆ ಅನ್ನುತ್ತಾನೆ. 2005ರಲ್ಲಿ ತಾನೇ ಚಕ್ರವರ್ತಿ ಎಂದು ಸಾರುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ತಳಮಳ. ನಿರ್ದೇಶಕ ಜಾರ್ಜ್ ಲ್ಯೂಕಸ್ ಮನಸ್ಸಿನಲ್ಲಿದ್ದದ್ದು ಅಮೆರಿಕದ ಅಧ್ಯಕ್ಷ ನಿಕ್ಸನ್. ಈ ಸರಣಿಯ ಮೊದಲ ಚಿತ್ರ ಬಂದದ್ದು 1977ರ ಮೇ ತಿಂಗಳಲ್ಲಿ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಮ್ಮಲ್ಲಿ ತುರ್ತು ಪರಿಸ್ಥಿತಿ ಮುಗಿದಿತ್ತು. ಆ ದಿನಗಳು ನಿಮಗೆ ನೆನಪಿರಬೇಕು.

1983ರ ಮಾರ್ಚ್ 23ರಂದು ಅಮೆರಿಕದ ಅಧ್ಯಕ್ಷ ರೇಗನ್, ಶತ್ರುವಿನ ಕ್ಷಿಪಣಿಗಳನ್ನು ದಾರಿಯಲ್ಲೇ ಹೊಡೆದು ಹಾಕುವ ಯೋಜನೆ ಮುಂದಿಟ್ಟರು. ಮರುದಿನವೇ ಸೆನೆಟರ್ ಎಡ್ವರ್ಡ್ ಕೆನಡಿ ಅದಕ್ಕೆ ‘ಸ್ಟಾರ್ ವಾರ್ಸ್’ ಎಂಬ ಹೆಸರು ಅಂಟಿಸಿದರು. ರೇಗನ್‌ಗೆ ಅದು ಹಿಡಿಸಲಿಲ್ಲ. ಆದರೂ ಅಲ್ಲಿ ಹೋಲಿಸಿದ್ದು ಯೋಜನೆಯನ್ನು. ಮುಂದೆ ಇರಾಕ್ ಯುದ್ಧದ ಕಾಲದಲ್ಲಿ ಅಲ್ಲಿನ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ಅವರನ್ನು ಮಾತ್ರ ಜನ ಸುಮ್ನೆ ಡಾರ್ತ್ ವೇಡರ್ ಅಂದರು. ಅವರೂ ತಮಾಷೆಯಾಗಿ ತೆಗೆದುಕೊಂಡರು. ಆ ಯುದ್ಧದ ಬಗ್ಗೆ ಕೇಳಬೇಕಾದ ಪ್ರಶ್ನೆಗೆ ಆ ಅಡ್ಡಹೆಸರಿನಿಂದ ಉತ್ತರ ಸಿಗಲಿಲ್ಲ. ನಾವು ಹಾಕಿದ ಚಿತ್ರವೂ ಆ ಜಾತಿಯದೇ.

ನಿಮ್ಮ ಮೊಮ್ಮಗನಿಗೆ ಬಾಹ್ಯಾಕಾಶದ ಕಥೆ ದೂರದ್ದೇನಲ್ಲ. 2023ರ ಏಪ್ರಿಲ್ 2ರಂದು ಇಸ್ರೋ ಪ್ರಯೋಗಕ್ಕೆ ಬಿಟ್ಟ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ಉಡಾವಣಾ ವಾಹನ ನಿಮ್ಮ ತಾಲ್ಲೂಕಿನಲ್ಲೇ ಇಳಿಯಿತು. ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟದ್ದು ತಾನಾಗಿಯೇ ಓಡುದಾರಿ ಹಿಡಿಯಿತು. ಎಂಥ ಹೆಮ್ಮೆಯ ದಿನ ಅದು! ಅಲ್ಲಿ ಮೊದಲು ಇದ್ದದ್ದು ಅಮೃತಮಹಲ್ ಕಾವಲು, ದನ ಕುರಿ ಮೇಯುತ್ತಿದ್ದ ನೆಲ. ಕಾವಲು ಉಳಿಸಿ ಎಂದು ಹಳ್ಳಿಯವರು ಹೋರಾಡಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ನೆಲ ಕೊಡುವ ತೀರ್ಮಾನ ಎಲ್ಲಿ ಆಯಿತು? ಅಲ್ಲಿ ಯಾರು ಪ್ರಶ್ನೆ ಕೇಳಿದರು, ಯಾರು ಚಪ್ಪಾಳೆ ತಟ್ಟಿದರು? ಪಾಲ್ಪಟೀನ್ ಕಥೆ ಗೊತ್ತಿರುವ ಹುಡುಗ ಇದನ್ನು ಕೇಳಬಲ್ಲ.

ನಿಮ್ಮೂರಿನ ಹಿರಿಯರನ್ನು ವಿಚಾರಿಸಿ ಅವನೇ ಬರೆದು ಕಳಿಸಲಿ, ಮೇಷ್ಟ್ರೇ. ದಾವಣಗೆರೆ ಕಚೇರಿಯಲ್ಲಿ ಕಾಯುತ್ತಿರುತ್ತೇನೆ. ಮುಖವಾಡದ ಚಿತ್ರ ಇಲ್ಲದೆ ಅಚ್ಚು ಹಾಕುತ್ತೇವೆ.

– ಸಂಪಾದಕ