ಡೊಮಿನಾರ್, ಆರ್‌ಆರ್ 310, ನಿಂಜಾ 650: ಪೆರ್ಲದ ರಸ್ತೆಗೆ ಯಾವುದು?

ಕಾಸರಗೋಡಿನ ಪೆರ್ಲದಿಂದ ಕೇಳಿದವರಿಗೆ. ಡೊಮಿನಾರ್ 400, ಅಪಾಚೆ ಆರ್‌ಆರ್ 310, ನಿಂಜಾ 650, ಈ ಮೂರು ಬೈಕಲ್ಲಿ ಒಂದು ತೆಗೆದುಕೊಳ್ಳಬೇಕು, ಓಟವೂ ಬೇಕು, ಮನೆಯವರನ್ನು ಕೂರಿಸಿಕೊಂಡು ತಿಂಗಳಿಗೊಮ್ಮೆ ಮಡಿಕೇರಿಗೋ ಮಂಗಳೂರಿಗೋ, ವರ್ಷಕ್ಕೆರಡು ಸಲ ಬೆಂಗಳೂರಿಗೂ ಹೋಗಬೇಕು ಎಂದು ಬರೆದಿದ್ದೀರಿ. ನನ್ನ ಹತ್ತಿರ ಈಗ ಇರುವುದು ನಿಂಜಾ 650. ಅದಕ್ಕೆ ಮೊದಲು ಮೂರು ವರ್ಷ ಆರ್‌ಆರ್ 310 ಇತ್ತು. ಡೊಮಿನಾರ್ ಭಾವನದ್ದು, ಆದರೆ ಪೆಟ್ರೋಲ್ ಹಾಕಿದ್ದು ನಾನೇ ಜಾಸ್ತಿ. ಇಷ್ಟಾದರೂ ನಿಮಗೆ ನಾನು ಹೇಳುವುದು ಡೊಮಿನಾರ್. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆದೀತು ಮಾರಾಯ್ರೆ.

ಮೊದಲು ಶಕ್ತಿಯ ಲೆಕ್ಕ, ಪಿಎಸ್ ಅಂದರೆ ಹಾರ್ಸ್‌ಪವರ್ ಥರದ್ದೇ ಅಳತೆ. ಡೊಮಿನಾರ್ 40 ಪಿಎಸ್, ತೂಕ 193 ಕೆಜಿ. ಹೊಸ ಆರ್‌ಆರ್ 38 ಪಿಎಸ್, 174 ಕೆಜಿ. ನಿಂಜಾ 68 ಪಿಎಸ್, 196 ಕೆಜಿ. ಒಬ್ಬರೇ ಹೋಗುವಾಗ ಆರ್‌ಆರ್ ಡೊಮಿನಾರ್‌ಗಿಂತ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರು ಕೂತು, ಒಂದು ಬ್ಯಾಗೂ ಕಟ್ಟಿ, ಒಟ್ಟು 155 ಕೆಜಿ ಹೇರಿದಿರಿ ಅಂತಿಟ್ಟುಕೊಳ್ಳಿ. ಆಗ ಒಂದೊಂದು ಕೆಜಿಗೆ ಸಿಗುವ ಶಕ್ತಿಯಲ್ಲಿ ಎರಡೂ ಸಮಸಮ, ಆ 19 ಕೆಜಿ ಹಗುರದ ಲಾಭ ಅಲ್ಲಿಗೆ ಮುಗಿಯಿತು. ಟಾರ್ಕ್‌ನಲ್ಲಂತೂ, ಅಂದರೆ ಚಕ್ರ ತಿರುಗಿಸುವ ಎಳೆತದಲ್ಲಿ, ಡೊಮಿನಾರ್ ಮುಂದೆ, 35 ನ್ಯೂಟನ್ ಮೀಟರ್, ಆರ್‌ಆರ್‌ನದ್ದು 29. ಆರ್‌ಆರ್‌ನ 38 ಪಿಎಸ್ ಪೂರ್ತಿ ಸಿಗುವುದು 9,800 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಡ್ಕಸ್ಥಳದ ತಿರುವಲ್ಲಿ, ಎದುರಿಂದ ಬಸ್ಸು ಬರುವಾಗ, ಅಷ್ಟು ಏರಿಸುವುದು ಯಾರು ಹೇಳಿ? ನಿಂಜಾದ್ದು ಬೇರೆಯೇ ಕತೆ, ಎರಡು ಸಿಲಿಂಡರ್, 64 ನ್ಯೂಟನ್ ಮೀಟರ್, ಸಂಪಾಜೆ ಘಾಟಿಯಲ್ಲಿ ಮೂರನೇ ಗೇರಲ್ಲಿ ಹಾಕಿದರೆ ಹಿಂದೆ ಜನ ಕೂತದ್ದೇ ಗೊತ್ತಾಗುವುದಿಲ್ಲ.

ಸರಿ, ಈಗ ಮೈಕೈ ನೋವಿನ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. ಆರ್‌ಆರ್ ಥರ ಮುಂದಕ್ಕೆ ಬಗ್ಗಿ ಕೂರುವ ಬೈಕಲ್ಲಿ ಕೈ ನೋಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ. ತಲಪಾಡಿ ದಾಟಿ ಆರು ಲೇನಿನ ಹೈವೇಯಲ್ಲಿ 90ರಲ್ಲಿ ಹೋಗಿ ನೋಡಿ, ಎದೆಗೆ ಬಡಿಯುವ ಗಾಳಿಯೇ ನಿಮ್ಮನ್ನು ಎತ್ತಿ ಹಿಡಿಯುತ್ತದೆ, ಕೈ ಮೇಲೆ ಭಾರವೇ ಇಲ್ಲ. ಅದೇ ಬೈಕನ್ನು ಚೆರ್ಕಳದಿಂದ ಬದಿಯಡ್ಕ, ಪೆರ್ಲ, ವಿಟ್ಲ ಅಂತ ಕಲ್ಲಡ್ಕದವರೆಗೆ ಓಡಿಸಿ. ವೇಗ 40, ಹಂಪು, ಬ್ರೇಕು, ಮತ್ತೆ ಹಂಪು. ಗಾಳಿಯ ಆಸರೆ ಇಲ್ಲ, ಪ್ರತಿ ಬ್ರೇಕಿಗೂ ಮೈಭಾರ ಪೂರ್ತಿ ಮಣಿಕಟ್ಟಿಗೆ. ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಸಡಿಲ ಬಿಟ್ಟರೆ ಅರ್ಧ ನೋವು ಕಡಿಮೆ, ಆದರೆ ಹಿಂದೆ ಕೂತವರ ಭಾರವೂ ಬೆನ್ನ ಮೇಲೆ ಜಾರಿ ಬರುವಾಗ ಯಾವ ಉಪಾಯವೂ ನಡೆಯುವುದಿಲ್ಲ. ಹಾಗಾಗಿ ನೀವು ತಿಂಗಳಲ್ಲಿ ಎಷ್ಟು ಹೊತ್ತು 40ರಲ್ಲಿ ಇರುತ್ತೀರಿ, ಎಷ್ಟು ಹೊತ್ತು 90ರಲ್ಲಿ ಇರುತ್ತೀರಿ, ಅದನ್ನು ಮೊದಲು ಲೆಕ್ಕ ಹಾಕಿ. ನಿಂಜಾದ ಹ್ಯಾಂಡಲ್ ನೋಡಲು ಸ್ಪೋರ್ಟ್ ಥರ ಕಂಡರೂ ಸಾಕಷ್ಟು ಎತ್ತರದಲ್ಲಿದೆ, ಕಷ್ಟ ಇಲ್ಲ. ಡೊಮಿನಾರ್‌ನದ್ದು ಅಗಲದ ಹ್ಯಾಂಡಲ್, ನೆಟ್ಟಗೆ ಕೂರಬಹುದು.

ಹಿಂದಿನ ಸೀಟು ಹೇಗೆ ಅಂತ ನೀವು ಕೇಳಲೇ ಇಲ್ಲ. ಮನೆಯವರು ಕೇಳಿಯಾರು! ಆರ್‌ಆರ್, ನಿಂಜಾ ಎರಡರಲ್ಲೂ ಹಿಂದಿನ ಸೀಟು ಎತ್ತರ, ಚಿಕ್ಕದು, ಮೊಣಕಾಲು ಮಡಚಿಯೇ ಕೂರಬೇಕು. ನಮ್ಮವಳು ನಿಂಜಾದಲ್ಲಿ ಸುಳ್ಯದವರೆಗೆ ಖುಷಿಯಲ್ಲಿ ಬರುತ್ತಾಳೆ, ಸುಳ್ಯದಿಂದ ಆಚೆ ಮಾತು ನಿಲ್ಲುತ್ತದೆ. ಡೊಮಿನಾರ್‌ನಲ್ಲಿ ಸೀಟು ಅಗಲ, ಹಿಡಿಯಲು ಗ್ರ್ಯಾಬ್ ರೈಲ್ ಇದೆ. 2021ರಿಂದ ಕಂಪೆನಿಯೇ ಕ್ಯಾರಿಯರ್, ಬೆನ್ನಿಗೆ ಆಸರೆ, ಎತ್ತರದ ವೈಸರ್ ಎಲ್ಲ ಹಾಕಿ ಕೊಡಲು ಶುರು ಮಾಡಿತು.

ಸೀಟು ಮೆತ್ತಗೆ ಮಾಡಿಸಲು ಮಾತ್ರ ಹೋಗಬೇಡಿ. ನಾನು ಒಂದು ಕಡೆ ಕೊಟ್ಟು ಫೋಮ್ ಬದಲಿಸಿದ್ದೆ. ಅಂಗಡಿಯಲ್ಲಿ ಕೂತಾಗ ಸೋಫಾ ಥರ ಇತ್ತು, ಉಪ್ಪಿನಂಗಡಿ ದಾಟುವಾಗ ಫೋಮ್ ಪೂರ್ತಿ ಕುಸಿದು ಕೆಳಗಿನ ಪ್ಲಾಸ್ಟಿಕ್ಕೇ ತಾಗುತ್ತಿತ್ತು. ಶಿರಾಡಿ ಇಡೀ ಅರ್ಧ ನಿಂತುಕೊಂಡೇ ಹತ್ತಿದೆ. ದೂರಕ್ಕೆ ಗಟ್ಟಿ ಫೋಮೇ ಸರಿ.

ವಿಂಡ್‌ಶೀಲ್ಡ್ ಕೂಡ ಹಾಗೆಯೇ. ಎತ್ತರ ಇದ್ದಷ್ಟು ಒಳ್ಳೆಯದು ಅಂತ ಆನ್‌ಲೈನಲ್ಲಿ ಒಂದು ತರಿಸಿ ಹಾಕಿದೆ, ಅದರ ಅಂಚಿನಿಂದ ಏಳುವ ಗಾಳಿ ಸುತ್ತಿಕೊಂಡು ಬಂದು ಸರಿಯಾಗಿ ಹೆಲ್ಮೆಟ್‌ಗೇ ಬಡಿಯಿತು. ಬೇಕಲದಿಂದ ಮನೆ ಮುಟ್ಟುವಷ್ಟರಲ್ಲಿ ಕಿವಿಯೊಳಗೆ ಚೆಂಡೆ. ಪರೀಕ್ಷೆ ಸುಲಭ: ಖಾಲಿ ರಸ್ತೆಯಲ್ಲಿ 80ರಲ್ಲಿ ಹೋಗುವಾಗ ಫುಟ್‌ರೆಸ್ಟ್ ಮೇಲೆ ನಾಲ್ಕು ಬೆರಳು ಎದ್ದು ನೋಡಿ. ಶಬ್ದ ತಕ್ಷಣ ಕಡಿಮೆಯಾದರೆ ನಿಮ್ಮ ತಲೆ ಆ ಸುಳಿಯಲ್ಲಿದೆ ಅಂತ. ಆಗ ಶೀಲ್ಡ್ ಇನ್ನೂ ಗಿಡ್ಡ ಬೇಕು ಅಥವಾ ಇನ್ನೂ ಎತ್ತರ ಬೇಕು, ನಡುವಿನದ್ದು ಬೇಡ.

ಇನ್ನೊಂದು, ನೆಲಕ್ಕೂ ಬೈಕಿಗೂ ಇರುವ ಅಂತರ. ನಿಂಜಾ 130 ಮಿಮೀ, ಡೊಮಿನಾರ್ 157, ಆರ್‌ಆರ್ 180. ಇಬ್ಬರು ಕೂತರೆ ನಮ್ಮೂರ ಕೆಲವು ಹಂಪುಗಳಲ್ಲಿ ನಿಂಜಾವನ್ನು ಓರೆ ಮಾಡಿ ದಾಟಿಸಬೇಕು. ಹಿಂದಿನ ಶಾಕ್‌ನ ಪ್ರಿಲೋಡ್, ಅಂದರೆ ಅದರ ಸ್ಪ್ರಿಂಗ್, ಬಿಗಿ ಮಾಡಿದರೆ ಸ್ವಲ್ಪ ವಾಸಿ, ಬೈಕ್ ಯಾವುದಾದರೂ ಇಬ್ಬರು ಹೋಗುವಾಗ ಅದನ್ನು ಮಾಡಿಯೇ ಹೊರಡಿ.

ನಿಮ್ಮ ಪ್ರಶ್ನೆಗೆ ಬೇರೆ ಯಾರೋ ಸೆಕೆಂಡ್ ಹ್ಯಾಂಡ್ ನಿಂಜಾ 1000 ಎಸ್‌ಎಕ್ಸ್ ನೋಡಿ ಅಂತ ಬರೆದಿದ್ದಾರೆ. ಓಟಕ್ಕೂ ದೂರಕ್ಕೂ ಆಗುವ ನಿಜವಾದ ಸ್ಪೋರ್ಟ್ ಟೂರರ್ ಅದೇ, ಒಪ್ಪಿದೆ. 1043 ಸಿಸಿ, 142 ಪಿಎಸ್, 19 ಲೀಟರ್ ಟ್ಯಾಂಕ್. ಆದರೆ ನಿಮ್ಮ ಮನೆ ಗುಡ್ಡದ ಬುಡದಲ್ಲಿ, ತೋಟದ ಪಕ್ಕ ಅಂದಿರಿ. ಜುಲೈಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಏರಲ್ಲಿ 238 ಕೆಜಿಯನ್ನು ತುದಿಗಾಲಲ್ಲಿ ನಿಂತು ಹಿಂದಕ್ಕೆ ತಳ್ಳಿ ನೋಡಿ, ಆಮೇಲೆ ಮಾತಾಡುವ.

ದುಡ್ಡಿನ ಬಗ್ಗೆ ಜಾಸ್ತಿ ಹೇಳಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರ ಮೇಲಿನವಕ್ಕೆ ಶೇ 40. ಹಾಗಾಗಿ ಹಳೆಯ ವಿಡಿಯೋ ನೋಡಿ ಬೆಲೆ ಹೋಲಿಸಬೇಡಿ, ಶೋರೂಮಲ್ಲೇ ಆನ್‌ರೋಡ್ ಕೇಳಿ.

ನೀವು ಹೆಚ್ಚಾಗಿ ಒಬ್ಬರೇ ಹೋಗುವವರಾಗಿದ್ದರೆ ನಿಂಜಾ ಅನ್ನುತ್ತಿದ್ದೆ. ಶೋರೂಮ್ ಎದುರು ಎರಡು ಕಿಲೋಮೀಟರ್ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಬದಿಯಡ್ಕಕ್ಕೆ ಬನ್ನಿ, ಭಾವನ ಡೊಮಿನಾರ್ ತಂದಿರುತ್ತೇನೆ, ನಿಂಜಾವೂ ಇರುತ್ತದೆ. ಮುಳ್ಳೇರಿಯಕ್ಕೆ ಒಂದರಲ್ಲಿ ಹೋಗಿ, ಇನ್ನೊಂದರಲ್ಲಿ ಬರುವ. ಮನೆಯವರನ್ನೂ ಕರೆದುಕೊಂಡು ಬನ್ನಿ, ಹೆಲ್ಮೆಟ್ ಎರಡು ತನ್ನಿ, ನನ್ನ ಹತ್ತಿರ ಒಂದೇ ಇರುವುದು.