ಏದುಸಿರಿಗೆ ಹೆದರಿ ಕೂತರೆ ಕಾಲೂ ಸೋಲುತ್ತದೆ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಈ ಬಾರಿ ಸಿಒಪಿಡಿ (ಗಾಳಿಕೊಳವೆಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ)

ಪ್ರಶ್ನೆ: ನನಗೆ 64 ವರ್ಷ. ನಾಲ್ಕು ವರ್ಷದಿಂದ ಸಿಒಪಿಡಿ ಇದೆ. ಒಂದು ಮಹಡಿ ಹತ್ತುವಷ್ಟರಲ್ಲಿ ಮೇಲುಸಿರು ಬರುತ್ತದೆ. ಗುಂಪಿನಲ್ಲಿ ನಡೆಯುವ ಶ್ವಾಸಕೋಶ ಪುನಶ್ಚೇತನ ತರಬೇತಿಗೆ ಸೇರಿ, ವಾರಕ್ಕೆ ಎರಡು ದಿನದಂತೆ ಎಂಟು ವಾರ ಬನ್ನಿ ಅನ್ನುತ್ತಾರೆ ಡಾಕ್ಟರು. ನಡೆದರೇ ದಮ್ಮು ಕಟ್ಟುವವನಿಗೆ ವ್ಯಾಯಾಮವೇ? ಉಳಿದಿರುವ ಶ್ವಾಸಕೋಶವೂ ಹಾಳಾದರೆ?

ಉತ್ತರ: ನಡೆದಾಗ ಬರುವ ಏದುಸಿರಿನಿಂದ ಶ್ವಾಸಕೋಶ ಹಾಳಾಗುವುದಿಲ್ಲ. ಮೊದಲು ಈ ಹೆದರಿಕೆ ಬಿಡಿ, ಏಕೆಂದರೆ ನಿಮ್ಮನ್ನು ಕುರ್ಚಿಗೆ ಕಟ್ಟಿಹಾಕಿರುವುದರಲ್ಲಿ ಇದರದ್ದೇ ದೊಡ್ಡ ಪಾಲು.

ಸಿಒಪಿಡಿಯಲ್ಲಿ ಗಾಳಿ ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ. ಕಿರಿದಾದ ಗಾಳಿಕೊಳವೆಗಳು ಉಸಿರು ಬಿಡುವಾಗ ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಬೇಗ ಬೇಗ ಉಸಿರಾಡಿದರೆ ಹಿಂದಿನ ಉಸಿರು ಪೂರ್ತಿ ಹೊರಬೀಳುವ ಮೊದಲೇ ಮುಂದಿನದು ಒಳಗೆ ನುಗ್ಗುತ್ತದೆ. ಎದೆ ಉಬ್ಬಿಕೊಂಡೇ ನಿಂತುಬಿಡುತ್ತದೆ. ಒಳಗೆ ಹಳೇ ಗಾಳಿ ತುಂಬಿರುವಾಗಲೇ ಗಾಳಿ ಸಾಲದು ಅನ್ನಿಸುವುದು ಇದರಿಂದ. ಆ ಸಂಕಟ ಬೇಡವೆಂದು ನಡೆಯುವುದನ್ನು ಕಡಿಮೆ ಮಾಡುತ್ತೀರಿ, ತೊಡೆಯ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ದಣಿದು ಹೆಚ್ಚು ಉಸಿರು ಬೇಡುತ್ತದೆ. ಹೋದ ವರ್ಷದ ಅದೇ ಮೆಟ್ಟಿಲು ಈ ವರ್ಷ ಎತ್ತರವಾದಂತೆ ಕಾಣುತ್ತದೆ.

ತರಬೇತಿ ಸರಿಪಡಿಸುವುದು ಈ ಸ್ನಾಯುವನ್ನು. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಅಂಕಿ ಎಂಟು ವಾರದ ನಂತರವೂ ಬಹುತೇಕ ಹಾಗೇ ಇರುತ್ತದೆ. ಅದನ್ನು ನೋಡಿ ನಿರಾಶರಾಗಬೇಡಿ. ನೋಡಬೇಕಾದದ್ದು ಆರು ನಿಮಿಷದ ನಡಿಗೆ ಪರೀಕ್ಷೆ. ಮೊದಲ ದಿನ 30 ಮೀಟರ್ ಉದ್ದದ ಸಪಾಟು ಜಾಗದಲ್ಲಿ ಹೋಗಿ ಬಂದು ಮಾಡಿಸಿ, ಆರು ನಿಮಿಷದಲ್ಲಿ ಎಷ್ಟು ದೂರ ನಡೆದಿರೆಂದು ಬರೆದಿಡುತ್ತಾರೆ. ಕೊನೆಯಲ್ಲಿ ಅದನ್ನೇ ಮತ್ತೆ ಮಾಡಿಸುತ್ತಾರೆ. ಸುಮಾರು 30 ಮೀಟರ್ ಹೆಚ್ಚಾಗಿದ್ದರೂ ದಿನದ ಬದುಕಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ನಡಿಗೆಯ ವೇಗಕ್ಕೆ ಅಳತೆ ನಿಮ್ಮ ಏದುಸಿರೇ. ಸೊನ್ನೆ ಎಂದರೆ ಏನೂ ಇಲ್ಲ, 10 ಎಂದರೆ ತಡೆಯಲಾರದಷ್ಟು. 4ರಿಂದ 6ರ ನಡುವೆ ಇರುವಂತೆ ನಡೆಸುತ್ತಾರೆ, ಅಂದರೆ ತುಂಡು ತುಂಡಾಗಿ ಮಾತಾಡಬಹುದು, ಹಾಡಲಾಗದು. 2ರಲ್ಲೇ ನಡೆದರೆ ಸ್ನಾಯುವಿಗೆ ಏನೂ ಸಿಗುವುದಿಲ್ಲ. ಮನೆಯಲ್ಲಿ ಒಬ್ಬರೇ ಮಾಡುವವರು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಒಂದೇ ಸಮನೆ 20 ನಿಮಿಷ ಆಗದಿದ್ದರೆ ಎರಡು ನಿಮಿಷ ನಡೆದು ಒಂದು ನಿಮಿಷ ನಿಲ್ಲಿ. ವಾರ ಕಳೆದಂತೆ ನಿಲ್ಲುವುದನ್ನು ಕಡಿಮೆ ಮಾಡುತ್ತಾ ಬನ್ನಿ.

ತೊಡೆಗೆ ಕುರ್ಚಿಯಿಂದ ಏಳುವ ವ್ಯಾಯಾಮ ಬಹಳ ಒಳ್ಳೆಯದು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯ ಅಂಚಿಗೆ ಬನ್ನಿ. ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದೆ ಊರಿ. ಕೂತಲ್ಲೇ ಉಸಿರು ಎಳೆದುಕೊಂಡು, ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. 8ರಿಂದ 10 ಸಲ, ನಡುವೆ ವಿಶ್ರಾಂತಿ ತೆಗೆದುಕೊಂಡು ಎರಡು ಸುತ್ತು. ಎಲ್ಲರೂ ಮಾಡುವ ತಪ್ಪೆಂದರೆ ಏಳುವಾಗ ಉಸಿರು ಬಿಗಿಹಿಡಿಯುವುದು. ಆಮೇಲೆ ಇನ್ನಷ್ಟು ಏದುಸಿರು ಬರುತ್ತದೆ. ಬಾಯಿಬಿಟ್ಟು ಎಣಿಸುತ್ತಾ ಎದ್ದರೆ ಉಸಿರು ತಾನಾಗಿ ಹೊರಬರುತ್ತದೆ.

ಎದೆನೋವು, ತಲೆಸುತ್ತು ಬಂದರೆ, ಅಥವಾ ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಡಾಕ್ಟರು ಹೇಳಿದ ಮಿತಿಗಿಂತ ಇಳಿದರೆ ತಕ್ಷಣ ನಿಲ್ಲಿಸಿ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಸೇರುವ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೂ ಇದೇ ಕಾಯಿಲೆ. ನಾಲ್ಕು ಜನರ ಮುಂದೆ ಕೆಮ್ಮುತ್ತಾ ಕಫ ಉಗಿಯಲು ನಾಚಿಕೆ, ಮನೆಯಲ್ಲೇ ಮಾಡುತ್ತೇನೆ ಅನ್ನುತ್ತಾರೆ. ಗುಂಪೇ ಏಕೆ ಬೇಕು? ರಾತ್ರಿ ಇದ್ದಕ್ಕಿದ್ದಂತೆ ಉಸಿರು ಸಿಗದೆ ಗಾಬರಿಯಾದಾಗ ನಾನೇನು ಮಾಡಲಿ?

ಉತ್ತರ: ಅಲ್ಲಿ ಬರುವವರೆಲ್ಲ ಕೆಮ್ಮುವವರೇ, ಅಮ್ಮಾ. ನಾಚಿಕೆ ಮೊದಲ ಒಂದೆರಡು ದಿನ. ಪಕ್ಕದವರು ನಡುವೆ ನಿಂತು, ಗೋಡೆಗೆ ಒರಗಿ, ಎರಡು ಮೂರು ನಿಮಿಷದಲ್ಲಿ ಸುಧಾರಿಸಿಕೊಂಡು ಮತ್ತೆ ನಡೆಯುವುದನ್ನು ಅವರು ಕಣ್ಣಾರೆ ನೋಡುತ್ತಾರೆ. ಏದುಸಿರು ಬರುತ್ತದೆ, ಹೋಗುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ನಂಬಿಸುವುದು ಕಷ್ಟ. ಮನೆಯಲ್ಲೂ ಮಾಡಬಹುದು, ಫಿಸಿಯೋಥೆರಪಿಸ್ಟ್ ವಾರವಾರ ವಿಚಾರಿಸಿ ಲೆಕ್ಕ ಏರಿಸುತ್ತಾ ಹೋದರೆ ಮಾತ್ರ. ಗುಂಪಿನಲ್ಲೂ ಒಂದು ಅಪಾಯವಿದೆ: ಪಕ್ಕದವರ ವೇಗಕ್ಕೆ ಸಮನಾಗಿ ನಡೆಯುವ ಹಟ. ಒಬ್ಬೊಬ್ಬರ ಲೆಕ್ಕ ಒಂದೊಂದು, ಅದನ್ನು ಮೊದಲೇ ಹೇಳಿಡಿ. ಜ್ವರ, ನೆಗಡಿ ಇದ್ದ ದಿನ ಕಳಿಸಬೇಡಿ, ಬೇರೆಯವರಿಗೆ ಅಂಟೀತು. ರೋಗದ ತಿಳಿವಳಿಕೆ ಕೊಡುವ ದಿನಗಳಲ್ಲಿ ನೀವೂ ಜೊತೆಗೆ ಹೋಗಿ.

ರಾತ್ರಿ ಗಾಬರಿಯಾದಾಗ ಮಲಗಿಸಬೇಡಿ. ಕೂರಿಸಿ ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿ, ಹೆಗಲು ಸಡಿಲ ಬಿಡಲು ಹೇಳಿ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದುಕೊಳ್ಳಲಿ, ತುಟಿ ಮುಂದೆ ಮಾಡಿ ನಾಲ್ಕು ಎಣಿಸುವಷ್ಟು ಬಿಡಲಿ. ಎದುರಿಗೆ ದೀಪವಿದೆ ಎಂದುಕೊಂಡು ಊದಬೇಕು: ಕುಡಿ ಬಳುಕಬೇಕು, ಆರಬಾರದು. ಜೋರಾಗಿ ಊದಿದರೆ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ, ಪಕ್ಕದಲ್ಲಿ ಕೂತು ಅವರೊಡನೆ ನೀವೂ ಹಾಗೇ ಉಸಿರು ಬಿಡಿ. ಡಾಕ್ಟರು ತುರ್ತಿಗೆ ಬರೆದುಕೊಟ್ಟ ಇನ್‌ಹೇಲರ್ ಕೊಟ್ಟ ಮೇಲೂ ಇಳಿಯದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಪಂಪ್ ಹೊಡೆದುಕೊಂಡರೂ ಔಷಧಿಯೆಲ್ಲ ನಾಲಿಗೆಯ ಮೇಲೇ ಉಳಿದಂತಿರುತ್ತದೆ. ಏಕೆ?

ಉತ್ತರ: ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದೆ. ಸ್ಪೇಸರ್ ಬಳಸಿ, ಅಂದರೆ ಪಂಪಿನ ಬಾಯಿಗೆ ಜೋಡಿಸಿ ಔಷಧಿಯನ್ನು ಕ್ಷಣಕಾಲ ಹಿಡಿದಿಡುವ ಕೊಳವೆ. ಪಂಪ್ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಒಮ್ಮೆ ಒತ್ತಿ ನಿಧಾನವಾಗಿ ಎಳೆದುಕೊಳ್ಳಿ. 10 ಎಣಿಸುವವರೆಗೆ ಹಿಡಿದಿಡಿ. ಎರಡನೆಯದಕ್ಕೆ ಅರ್ಧದಿಂದ ಒಂದು ನಿಮಿಷ ಬಿಡಿ. ಪುಡಿಯ ಇನ್‌ಹೇಲರ್ ಆದರೆ ಇದಕ್ಕೆ ತದ್ವಿರುದ್ಧ, ಜೋರಾಗಿ ಆಳಕ್ಕೆ ಎಳೆಯಬೇಕು. ಔಷಧಿಯಲ್ಲಿ ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ನಾಲಿಗೆಯಲ್ಲಿ ಬಿಳಿ ಬೂಷ್ಟು ಹಿಡಿಯಬಹುದು.

ಪ್ರಶ್ನೆ: ಎಂಟು ವಾರ ಮುಗಿಸಿದಾಗ ಅಪ್ಪ ಚೆನ್ನಾಗಿದ್ದರು. ಆಮೇಲೆ ಕಫ ಹೆಚ್ಚಾಗಿ ಆಸ್ಪತ್ರೆ ಸೇರಿದರು. ಈಗ ಮನೆಗೆ ಬಂದಿದ್ದಾರೆ, ಬಚ್ಚಲಿಗೆ ಹೋಗಿ ಬಂದರೆ ಸುಸ್ತು. ಮಾಡಿದ್ದೆಲ್ಲ ನೀರಿಗೆ ಹೋಯಿತೇ?

ಉತ್ತರ: ಇಲ್ಲ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ತೊಡೆ ಸೊರಗುತ್ತದೆ, ಅದು ಮತ್ತೆ ಬರುತ್ತದೆ. ಆಸ್ಪತ್ರೆಯಿಂದ ಬಂದ ನಾಲ್ಕು ವಾರದೊಳಗೆ ತರಬೇತಿ ಮತ್ತೆ ಶುರು ಮಾಡಿಸಿ. ‘ಪೂರ್ತಿ ಹುಷಾರಾಗಲಿ, ಆಮೇಲೆ ನೋಡೋಣ’ ಎಂದು ತಿಂಗಳುಗಟ್ಟಲೆ ಕೂರಿಸಿದವರೇ ಮತ್ತೆ ಎದ್ದು ಓಡಾಡಲು ಹೆಚ್ಚು ಒದ್ದಾಡುತ್ತಾರೆ. ವ್ಯಾಯಾಮ ನಿಲ್ಲಿಸಿದರೆ ಗಳಿಸಿದ್ದು ಆರು ತಿಂಗಳಿಂದ ವರ್ಷದೊಳಗೆ ಕರಗುವುದೂ ನಿಜ, ಹಾಗಾಗಿ ಎಂಟು ವಾರಕ್ಕೆ ಮುಗಿಸುವಂಥದ್ದಲ್ಲ ಇದು. ಕಫದ ಬಣ್ಣ ಹಳದಿ-ಹಸಿರಿಗೆ ತಿರುಗಿದರೆ, ಪ್ರಮಾಣ ಹೆಚ್ಚಿದರೆ, ಏದುಸಿರು ಎಂದಿಗಿಂತ ಜಾಸ್ತಿಯಾದರೆ ಅಂದೇ ಡಾಕ್ಟರಿಗೆ ತೋರಿಸಿ.

ಡಾಕ್ಟರು ಒಪ್ಪಿದ ದಿನದಿಂದ ಮನೆಯಲ್ಲಿ ಹೀಗೆ ಆರಂಭಿಸಿ: ಬಚ್ಚಲಿನ ದಾರಿಯ ನಡುವೆ ಒಂದು ಕುರ್ಚಿ ಇಡಿ. ಅಲ್ಲಿ ಕೂತು, ಉಸಿರು ಬಿಡುತ್ತಾ ಎದ್ದು ಮುಂದೆ ಹೋಗಲಿ. ದಿನಕ್ಕೆ ಮೂರು ಸಲ ಹೋಗಿ ಬರುವುದು ಸಲೀಸಾದ ಮೇಲೆ ಕುರ್ಚಿಯನ್ನು ಒಂದು ಮಾರು ದೂರಕ್ಕೆ ಸರಿಸಿ.